ಬರ್ ದುಬೈಯಿಂದ ಸ್ಕಾಟ್ಲೆಂಡಿಗೆ ಹೋದ ಒಂದು ಓಟು

ಇದು 2015ರ ಮಾತು. ನಾನು ದುಬೈಗೆ ಬಂದು ವರ್ಷವಾಗಿತ್ತಷ್ಟೆ. ಊದ್ ಮೇಥಾದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ. ಬಿಡಿಸಿ ಹೇಳುವುದಾದರೆ, ಯಾರು ಏನು ಹೇಳಿದರೂ ಸುಲಭಕ್ಕೆ ನಂಬದಿರಲು ನನಗೆ ಸಂಬಳ ಕೊಡುತ್ತಿದ್ದರು. ಉಡುಪಿಯ ಕಾಲೇಜಿನಲ್ಲಿ ಒಂದೂ ಚರ್ಚಾಸ್ಪರ್ಧೆ ಬಿಡದೆ ವಾದಿಸಿ ಬಂದವನಿಗೆ ಇದಕ್ಕಿಂತ ಹೊಂದುವ ಕೆಲಸ ಬೇರೆ ಇರಲಿಲ್ಲ.

ಬರ್ ದುಬೈಯ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ನಮ್ಮ ರೂಮು. ನನ್ನ ಜೊತೆ ಇನ್ನಿಬ್ಬರು. ಒಬ್ಬ ಶಿರ್ವದ ಲ್ಯಾನ್ಸಿ, ಆಸ್ಪತ್ರೆಯ ಲ್ಯಾಬಿನಲ್ಲಿದ್ದ. ಇನ್ನೊಬ್ಬರು ಕಾಪು ಕಡೆಯ ಸದಾನಂದಣ್ಣ. ಅವರು ಹೋಟೆಲೊಂದರ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್. ಅಂದರೆ ಬಂದವರನ್ನು ಕೂರಿಸಿ, ಆರ್ಡರ್ ತೆಗೆದುಕೊಂಡು, ವೇಟರುಗಳನ್ನು ಓಡಾಡಿಸುವವರು. ದೊಡ್ಡ ಸ್ವರ, ಅದಕ್ಕಿಂತ ದೊಡ್ಡ ಬಡಾಯಿ. ರೂಮಿನ ವಿಷಯಗಳಲ್ಲಿ ಅವರದೇ ಕೊನೆಯ ಮಾತು.

ಒಂದು ಶನಿವಾರ ಸಂಜೆ ಅವರು ಫೋನು ನೋಡುತ್ತಿದ್ದವರು ತಲೆ ಚಚ್ಚಿಕೊಂಡರು. "ಥತ್! ನಮ್ಮವರು ಮತ್ತೆ ಸೋತರು ಮಾರಾಯ."

"ಯಾರು ನಮ್ಮವರು?" ಎಂದೆ. ಕ್ರಿಕೆಟ್ ಇರಬೇಕು ಅಂದುಕೊಂಡೆ.

ಅವರು ಹೇಳಿದ ಕ್ಲಬ್ಬಿನ ಹೆಸರು ನಾನು ಕೇಳಿದ್ದೇ ಇಲ್ಲ. ಹೆಸರು ಇಲ್ಲಿ ಬರೆಯುವುದೂ ಇಲ್ಲ, ಅವರ ಊರಿನ ಜಗಳ ಅವರ ಊರಲ್ಲೇ ಇರಲಿ. ಸ್ಕಾಟ್ಲೆಂಡಿನ ಉತ್ತರದಲ್ಲಿ, ಮೀನುಗಾರಿಕೆಯ ಒಂದು ಸಣ್ಣ ಬಂದರಿನ ಫುಟ್‌ಬಾಲ್ ಕ್ಲಬ್ಬು. ಟೀವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ, ಅದರ ಕೆಳಗಿನ ಮೆಟ್ಟಿಲುಗಳನ್ನೆಲ್ಲ ಇಳಿದ ಮೇಲೆ ಸಿಗುವ ಒಂದು ಪ್ರಾಂತೀಯ ಲೀಗ್.

"ನೀವು ಅಲ್ಲಿಗೆ ಹೋಗಿದ್ದೀರಾ?"

"ಇಲ್ಲ."

"ಒಂದು ಪಂದ್ಯವಾದರೂ ನೋಡಿದ್ದೀರಾ?"

"ಎಲ್ಲಿಂದ ನೋಡುವುದು? ಟೀವಿಯಲ್ಲಿ ಬರುವುದಿಲ್ಲವಲ್ಲ. ಆದರೆ ನಾನು ಮೆಂಬರ್. ಓಟು ಉಂಟು ನನಗೆ."

ನಾನೂ ಲ್ಯಾನ್ಸಿಯೂ ನಕ್ಕೆವು. ಬಡಾಯಿಯಲ್ಲಿ ಇದೊಂದು ಹೊಸದು ಅಂದುಕೊಂಡೆವು. ಆದರೆ ಸುಳ್ಳಾಗಿರಲಿಲ್ಲ. ಮರಳುಗಾಡಿನೊಳಗೆ ಮದೀನತ್ ಜಾಯೆದ್ ಕಡೆಯ ತೈಲ ಬಾವಿಗಳಲ್ಲಿ ಕೆಲಸ ಮಾಡುತ್ತಿದ್ದ ಕೆನ್ನಿ ಎಂಬ ಸ್ಕಾಟಿಷ್ ಎಂಜಿನಿಯರ್ ರಜೆಯಲ್ಲಿ ದುಬೈಗೆ ಬಂದರೆ ಇವರ ಹೋಟೆಲಿನಲ್ಲೇ ಉಳಿಯುತ್ತಿದ್ದನಂತೆ. ಶನಿವಾರ ಸಂಜೆ ಊಟ ಮುಂದಿಟ್ಟುಕೊಂಡು, ತನ್ನೂರಿನ ಈ ಕ್ಲಬ್ಬಿನ ಸ್ಕೋರಿಗಾಗಿ ಫೋನನ್ನೇ ನೋಡುತ್ತ ಕೂರುತ್ತಿದ್ದ. ಸದಾನಂದಣ್ಣ ತಟ್ಟೆ ತೆಗೆಯಲು ಹೋದಾಗೆಲ್ಲ "ಗೆದ್ದಿರಾ ಸರ್?" ಎಂದು ಕೇಳುವುದು ಅಭ್ಯಾಸವಾಯಿತು. ಕೊನೆಗೆ ಅವನು ಕೆಲಸ ಬಿಟ್ಟು ಊರಿಗೆ ಹೊರಟಾಗ, ಇನ್ನು ನನಗೆ ಸ್ಕೋರು ಹೇಳುವವರು ಯಾರು ಎಂದು ಇವರು ಕೇಳಿದ್ದಕ್ಕೆ, ಇವರನ್ನು ಕ್ಲಬ್ಬಿನ ಸದಸ್ಯರನ್ನಾಗಿ ಮಾಡಿಸಿ ಹೋದ. ಆ ಕ್ಲಬ್ಬಿಗೆ ಮಾಲೀಕರಿಲ್ಲ, ಸದಸ್ಯರದ್ದೇ ಕ್ಲಬ್ಬು. ಆಮೇಲೆ ವರ್ಷ ವರ್ಷ ಇವರೇ ಚಂದಾ ಕಟ್ಟುತ್ತ ಬಂದರು. ವಾರದ ರಜೆಯನ್ನೂ ಶನಿವಾರಕ್ಕೇ ಹಾಕಿಸಿಕೊಂಡಿದ್ದರು.

ನನಗೆ ಕುತೂಹಲ ಹಿಡಿಯಿತು. ಮರುದಿನ ಆಫೀಸಿನಲ್ಲಿ ಆ ಕ್ಲಬ್ಬಿನ ಜಾಲತಾಣ ಹುಡುಕಿದೆ. ಗೋಲ್ ಕಂಬದ ಹಿಂದೆ ಒಂದು ಗೋಡೆ, ಗೋಡೆಯ ಹಿಂದೆ ಸಮುದ್ರ. ಚೆಂಡು ನೀರಿಗೆ ಬಿದ್ದರೆ ತೆಗೆಯಲು ಒಂದು ದೋಣಿ. ಆಟಗಾರರಲ್ಲಿ ಒಬ್ಬ ಪ್ಲಂಬರ್, ಒಬ್ಬ ಮೇಷ್ಟ್ರು. "ಈ ವಾರ ಇಬ್ಬರು ಆಡುವುದಿಲ್ಲ, ಸಮುದ್ರದ ತೈಲ ರಿಗ್ಗಿಗೆ ಕೆಲಸಕ್ಕೆ ಹೋಗಿದ್ದಾರೆ" ಎಂದೂ ಬರೆದಿತ್ತು. ಎಲ್ಲಕ್ಕಿಂತ ವಿಚಿತ್ರವಾದ ವಿಷಯ ಬೇರೆ. ಈ ಲೀಗನ್ನು ಗೆದ್ದವರು ಎಷ್ಟೋ ಕಾಲ ಎಲ್ಲಿಗೂ ಹೋಗುತ್ತಿರಲಿಲ್ಲ! ಮೇಲಿನ ಲೀಗಿಗೆ ಏರುವ ದಾರಿ ತೆರೆದದ್ದೇ ಈಚೆಗೆ. ಏರಲಾಗದ ಏಣಿಯನ್ನು ತಲೆಮಾರುಗಟ್ಟಲೆ ಜನ ಯಾಕೆ ಹಿಡಿದುಕೊಂಡು ನಿಂತಿದ್ದರು? ಇದಕ್ಕೆ ಉತ್ತರ ಯಾವ ಪುಟದಲ್ಲೂ ಇರಲಿಲ್ಲ.

ಆ ಚಳಿಗಾಲದಲ್ಲೇ ಸದಾನಂದಣ್ಣನಿಗೆ ಕ್ಲಬ್ಬಿನಿಂದ ಮೆಸೇಜು ಬಂತು. ಪಕ್ಕದ ಬಂದರಿನ ಕ್ಲಬ್ಬಿನ ಜೊತೆ ಸೇರಿ ಒಂದೇ ಕ್ಲಬ್ಬಾಗುವ ಪ್ರಸ್ತಾಪ. ಸೇರಿದರೆ ಲೈಟಿನ ಕಂಬ ಹಾಕಿಸಬಹುದು, ನೋಡುವವರು ಕೂರಲು ಒಳ್ಳೆಯ ಸ್ಟ್ಯಾಂಡ್ ಕಟ್ಟಬಹುದು, ಮೇಲೆ ಏರುವ ಅರ್ಹತೆ ಪಡೆಯಬಹುದು. ಸದಸ್ಯರ ಸಭೆ ಶನಿವಾರ. ಊರಲ್ಲಿಲ್ಲದವರು ಫೋನಿನಲ್ಲಿ ಸೇರಬಹುದು. ಆದರೆ ಬರೆದು ಕಳಿಸಿದರೆ ನಡೆಯುವುದಿಲ್ಲ. ಹೆಸರು ಕರೆದಾಗ ಪರವೋ ವಿರೋಧವೋ ಸ್ವಂತ ಬಾಯಲ್ಲಿ ಹೇಳಬೇಕು. ಅದು ಅವರ ಹಳೆಯ ರಿವಾಜು.

"ನಾನು ವಿರೋಧ" ಎಂದರು ಸದಾನಂದಣ್ಣ, ಮೆಸೇಜು ಓದಿ ಮುಗಿಸುವ ಮೊದಲೇ.

"ಯಾಕೆ?" ಎಂದೆ. "ಎರಡು ಬಡ ಕ್ಲಬ್ಬು ಸೇರಿ ಒಂದು ಗಟ್ಟಿ ಕ್ಲಬ್ಬಾಗುತ್ತದೆ. ಇದಕ್ಕೆ ವಿರೋಧ ಎಂಥದ್ದು?"

"ನಮ್ಮೂರಲ್ಲಿ ಹೊಳೆಯ ಈಚೆ ಒಂದು ಯುವಕ ಮಂಡಲ, ಆಚೆ ಒಂದು. ಎರಡಕ್ಕೂ ವಾಲಿಬಾಲ್ ಟೀಮು. ವರ್ಷಕ್ಕೊಮ್ಮೆ ಮ್ಯಾಚು, ಮ್ಯಾಚಿಗಿಂತ ದೊಡ್ಡ ಗಲಾಟೆ. ದೊಡ್ಡವರು ಕೂತು ಎರಡನ್ನೂ ಒಂದು ಮಾಡಿದರು. ಈಗ ಬಲೆ ಕಟ್ಟುವವರಿಲ್ಲ ಅಲ್ಲಿ. ಎದುರಿನವನನ್ನೇ ಮನೆಯೊಳಗೆ ತಂದು ಕೂರಿಸಿದರೆ ಆಮೇಲೆ ಆಡುವುದು ಯಾರ ಹತ್ತಿರ?"

"ಒಂದು ಉದಾಹರಣೆಯಿಂದ ಸಿದ್ಧಾಂತ ಆಗುವುದಿಲ್ಲ ಅಣ್ಣ. ಹುಡುಗರೆಲ್ಲ ಗಲ್ಫಿಗೆ ಬಂದದ್ದಕ್ಕೂ ಬಲೆ ಬಿದ್ದಿರಬಹುದು."

"ಹೌದು ಲಾಯರೇ, ನೀನು ಹೇಳಿದ್ದೇ ಸರಿ. ಆದರೂ ನಾನು ವಿರೋಧ."

ಆ ವಾರವೆಲ್ಲ ರೂಮಿನಲ್ಲಿ ಇದೇ ವಾದ. ನನ್ನ ದೊಡ್ಡ ಅಸ್ತ್ರ ಬೇರೆಯೇ ಇತ್ತು. "ವಿಲೀನ ಸರಿಯೋ ತಪ್ಪೋ ಬಿಡಿ. ನೋಡದ ಊರಿನ ವಿಷಯ ತೀರ್ಮಾನಿಸಲು ನಿಮಗೆ ಹಕ್ಕೆಲ್ಲಿಂದ ಬಂತು? ಅಲ್ಲಿ ಇಲ್ಲದವರಿಗೆ ಅಲ್ಲಿಯ ಮಾತು ಯಾಕೆ?" ಇದನ್ನು ಕೇಳಿದಾಗೆಲ್ಲ ಸದಾನಂದಣ್ಣ ಎದ್ದು ಚಹಾ ಮಾಡಲು ಹೋಗುತ್ತಿದ್ದರು. ಲ್ಯಾನ್ಸಿ ಮಾತ್ರ ಒಮ್ಮೆ, "ಪಾಪ ಬಿಡು ಮಾರಾಯ. ಈ ದೇಶದಲ್ಲಿ ನಮಗೆ ಓಟಿಲ್ಲ. ಊರಲ್ಲಿ ಉಂಟು, ಆದರೆ ಆ ದಿನ ಹೋಗಿ ಬೂತಿನಲ್ಲಿ ನಿಲ್ಲಬೇಕು. ಇವರ ಬೆರಳಿಗೆ ಶಾಯಿ ಬಿದ್ದು ಯಾವ ಕಾಲವಾಯಿತೋ. ಎಲ್ಲೋ ಒಂದು ಕಡೆ ಓಟು ಸಿಕ್ಕಿದೆ, ಹಾಕಲಿ" ಎಂದ.

ನಿಜವಾದ ತೊಂದರೆ ಗೊತ್ತಾದದ್ದು ಶುಕ್ರವಾರ. ಅಭ್ಯಾಸ ಮಾಡಿಸೋಣವೆಂದು ಲ್ಯಾನ್ಸಿ ಟವೆಲನ್ನು ತಲೆಗೆ ಸುತ್ತಿಕೊಂಡು ಸ್ಕಾಟಿಷ್ ಮೇಡಂ ಆದ. ಸ್ವರ ತೆಳ್ಳಗೆ ಮಾಡಿಕೊಂಡು, "ಮಿಸ್ಟರ್ ಸದಾನಂದ, ನಾವು ಒಂದಾಗೋಣವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಸರ್ಟನ್ಲಿ ಮೇಡಂ" ಎಂದರು ಸದಾನಂದಣ್ಣ.

ನಾವು ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು. ಮತ್ತೆ ಕೇಳಿದರೆ, "ವಿತ್ ಪ್ಲೆಷರ್ ಮೇಡಂ." ಮೂರನೆಯ ಸಲ ಅವರು ನಗಲಿಲ್ಲ. ಮಂಚದ ಮೇಲೆ ಕೂತು ಹೇಳಿದರು, "ಬರುವುದಿಲ್ಲ ಮಾರಾಯ. ಇಪ್ಪತ್ತು ವರ್ಷ ಆಯಿತು. ಗೆಸ್ಟಿಗೆ 'ನೋ' ಅನ್ನಬಾರದು ಅಂತ ಮೊದಲ ದಿನವೇ ಹೇಳಿಕೊಟ್ಟದ್ದು. ಐಟಂ ಇಲ್ಲದಿದ್ದರೂ ಇಲ್ಲ ಅನ್ನಲಿಕ್ಕಿಲ್ಲ, 'ಬೇರೆ ಏನು ಕೊಡಲಿ ಸರ್' ಅನ್ನಬೇಕು. ಆ ಇಂಗ್ಲಿಷ್ ಕೇಳಿದ ಕೂಡಲೇ ಬಾಯಿ ತನ್ನಷ್ಟಕ್ಕೆ ತೆರೆಯುತ್ತದೆ."

ರೂಮಿನಲ್ಲಿ ನಮ್ಮನ್ನು ದಿನವೂ ಗದರುವ ಮನುಷ್ಯ! ನಾನು ನಂಬಲಿಲ್ಲ. ಪರೀಕ್ಷಿಸಲೆಂದು ನಾನೂ ಇಂಗ್ಲಿಷಿನಲ್ಲಿ ಕೇಳಿದೆ. ಬಂದದ್ದು ಅದೇ "ಸರ್ಟನ್ಲಿ".

ಶನಿವಾರ ಬಂತು. ಅಲ್ಲಿ ಮಳೆಗೆ ಮೈದಾನ ಕೆಸರಾಗಿ ಪಂದ್ಯ ರದ್ದಾಗಿತ್ತು. ಹಾಗಾಗಿ ಸಭೆಗೆ ಜನ ತುಂಬಿದ್ದರು. ಇಲ್ಲಿ ಆಗ ವಾಟ್ಸಾಪಿನಲ್ಲಿ ಕರೆ ಹೋಗುತ್ತಿರಲಿಲ್ಲ, ಮಾಮೂಲಿ ಫೋನೇ ಗತಿ. ಸದಾನಂದಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತರು. "ಯಾರಿಗೂ ಕಾಣುವುದಿಲ್ಲ ಅಣ್ಣ" ಎಂದರೆ, "ನನಗೆ ಕಾಣುತ್ತದಲ್ಲ" ಎಂದರು. ಫೋನನ್ನು ಸ್ಪೀಕರಿಗೆ ಹಾಕಿ ಸ್ಟೂಲಿನ ಮೇಲಿಟ್ಟೆವು. ಆ ಕಡೆ ಸಭೆ ನಡೆಸುತ್ತಿದ್ದವಳು ಕ್ಲಬ್ಬಿನ ಕಾರ್ಯದರ್ಶಿ. ಕುರ್ಚಿ ಎಳೆಯುವ ಸದ್ದು, ಕೆಮ್ಮು, ಯಾರೋ ಚಹಾ ಕೇಳುವುದು, ಎಲ್ಲವೂ ನಮ್ಮ ರೂಮಿನೊಳಗೆ ಕೇಳಿಸಿತು.

"ದುಬೈಯಿಂದ ಮಿಸ್ಟರ್ ಸದಾ ನಮ್ಮ ಜೊತೆ ಇದ್ದಾರೆ" ಎಂದಳು ಕಾರ್ಯದರ್ಶಿ.

ಕೂಡಲೇ ಹಿಂದಿನಿಂದ ಒಬ್ಬ ಗಂಡಸಿನ ಸ್ವರ. "ಒಂದು ನಿಮಿಷ. ಈ ಮನುಷ್ಯ ನಮ್ಮ ಊರು ನೋಡಿದವನಲ್ಲ. ಒಂದು ಪಂದ್ಯ ನೋಡಿದವನಲ್ಲ. ನಾಳೆ ಈ ಕ್ಲಬ್ಬು ಮುಚ್ಚಿದರೆ ಅವನಿಗೆ ಏನು ಕಡಿಮೆಯಾಗುತ್ತದೆ? ಇಲ್ಲಿ ಇಲ್ಲದವನಿಗೆ ಇಲ್ಲಿಯ ಮಾತು ಯಾಕೆ?"

ಅದು ನನ್ನ ವಾದ. ಅಕ್ಷರ ಅಕ್ಷರವೂ ನನ್ನದೇ. ನನ್ನ ಬಾಯಲ್ಲಿ ಎಷ್ಟು ಚೂಪಾಗಿ ಕೇಳಿಸಿತ್ತೋ, ಅಲ್ಲಿಂದ ಬಂದಾಗ ಅಷ್ಟೇ ಕೆಟ್ಟದಾಗಿ ಕೇಳಿಸಿತು. ಸದಾನಂದಣ್ಣನ ಮುಖ ನೋಡಿದೆ. ಅವರು ಆಗಲೇ ಫೋನಿನ ಕಡೆ ಬಾಗಿ, ಹೋಟೆಲಿನ ಆ ನಗು ತಂದುಕೊಂಡು, "ಸಾರಿ ಸರ್, ಸಾರಿ ಫಾರ್ ದ ಟ್ರಬಲ್" ಎನ್ನುತ್ತ ಕರೆ ಕಡಿಯಲು ಬೆರಳು ಚಾಚಿದ್ದರು.

ನಾನು ಅವರ ಕೈ ಹಿಡಿದೆ. "ಮೇಡಂ, ನಾನು ಸದಸ್ಯನಲ್ಲ, ಓಟು ಕೇಳುವುದಿಲ್ಲ. ಒಂದು ಪ್ರಶ್ನೆ ಕೇಳಬಹುದೇ?"

"ಕೇಳು."

"ನಿಮ್ಮಲ್ಲಿ ರಿಗ್ಗಿಗೆ, ಹಡಗಿಗೆ, ನಮ್ಮ ಈ ಮರಳಿಗೆ ಕೆಲಸಕ್ಕೆಂದು ಹೋದ ಸದಸ್ಯರಿಲ್ಲವೇ? ಅವರೂ ಇವತ್ತು ಅಲ್ಲಿಲ್ಲ. ಅವರ ಓಟನ್ನೂ ಬೇಡ ಅನ್ನುತ್ತೀರಾ?"

ಆ ಕಡೆ ಗುಸುಗುಸು. ಒಬ್ಬ ಹೆಂಗಸು ಗಟ್ಟಿಯಾಗಿ, "ನನ್ನ ಗಂಡ ಈಗ ರಿಗ್ಗಿನಲ್ಲೇ ಇದ್ದಾನೆ. ಇವತ್ತು ಅವನೂ ಫೋನಿನಲ್ಲೇ ಹೇಳುವವನು. ಅವನು ಬಂದ ಮೇಲೆ ಈ ಮಾತನ್ನು ಅವನ ಎದುರಿಗೆ ಹೇಳು ನೋಡೋಣ" ಎಂದಳು. ಎಲ್ಲರೂ ನಕ್ಕರು.

"ಅವನು ಇಲ್ಲಿ ಹುಟ್ಟಿದವನು" ಎಂದ ಆ ಗಂಡಸು.

"ಹಾಗಾದರೆ ಓಟು ಹುಟ್ಟಿದ್ದಕ್ಕೋ, ಸದಸ್ಯನಾದದ್ದಕ್ಕೋ?" ಎಂದೆ.

"ಸದಸ್ಯನಾದದ್ದಕ್ಕೆ" ಎಂದಳು ಕಾರ್ಯದರ್ಶಿ. ಆಮೇಲೆ ಆ ಗಂಡಸಿಗೆ, "ನೀನು ಕೂತುಕೋ. ಮುಂದುವರಿಸೋಣ."

ಹೆಸರು ಕರೆಯತೊಡಗಿದರು. ಪರ, ಪರ, ವಿರೋಧ, ಪರ. ಆ ಗಂಡಸೂ ಪರ ಎಂದ. ಸದಾನಂದಣ್ಣ ಬೆವರುತ್ತಿದ್ದರು. ಲ್ಯಾನ್ಸಿ ಎಸಿ ಜೋರು ಮಾಡಿದ. ಕೊನೆಗೆ, "ಸದಾ, ಎರಡೂ ಕ್ಲಬ್ಬು ಒಂದಾಗಲು ನಿಮ್ಮ ಒಪ್ಪಿಗೆ ಇದೆಯೇ?"

ಸದಾನಂದಣ್ಣ ಎದ್ದು ನಿಂತರು. ಬಾಯಿ ತೆರೆಯಿತು. "ಇಟ್ ಈಸ್ ಮೈ ಪ್ಲೆಷರ್ ಮೇಡಂ..."

ಲ್ಯಾನ್ಸಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೋಯಿತು ಅಂದುಕೊಂಡೆ.

"...ಟು ಸೇ ನೋ."

ಆ ಕಡೆ ನಗು, ಮೇಜು ಬಡಿಯುವ ಸದ್ದು, ಸಿಳ್ಳೆ. "ನಮ್ಮಲ್ಲಿ ಇಷ್ಟು ಮರ್ಯಾದೆಯಿಂದ ಯಾರೂ ವಿರೋಧಿಸಿಲ್ಲ" ಎಂದಳು ಕಾರ್ಯದರ್ಶಿ. ಸದಾನಂದಣ್ಣ ಇನ್ನೂ ನಿಂತೇ ಇದ್ದರು. "ನೋ, ಮೇಡಂ" ಎಂದು ಇನ್ನೊಮ್ಮೆ, ಬೇಕಾಗಿಲ್ಲದಿದ್ದರೂ, ನಿಧಾನವಾಗಿ ಹೇಳಿದರು.

ಪ್ರಸ್ತಾಪ ದೊಡ್ಡ ಬಹುಮತದಿಂದಲೇ ಪಾಸಾಯಿತು. ನಮ್ಮ ಓಟಿನಿಂದ ಏನೂ ಬದಲಾಗಲಿಲ್ಲ. ಎಲ್ಲ ಮುಗಿಯುವಾಗ ಆ ಗಂಡಸೇ ಫೋನಿನ ಹತ್ತಿರ ಬಂದು, "ಹುಡುಗಾ, ನೀನು ಸದಸ್ಯನಾಗಿದ್ದರೆ ಯಾವ ಕಡೆ ಹೇಳುತ್ತಿದ್ದೆ?" ಎಂದು ಕೇಳಿದ.

"ನಿಮ್ಮ ಕಡೆ. ವಿಲೀನದ ಪರ" ಎಂದೆ.

ಅವನು ನಕ್ಕ ನಗುವಿಗೆ ಸ್ಪೀಕರು ಗರಗರ ಎಂದಿತು. ಸದಾನಂದಣ್ಣ ಸೊಂಟಕ್ಕೆ ಕೈಕೊಟ್ಟು, "ಏ ಎಂತ ಮಾರಾಯ ನೀನು! ಇಷ್ಟು ಹೊತ್ತು ನನ್ನ ಪರ ಮಾತಾಡಿ!" ಎಂದರು.

"ನಿಮ್ಮ ಓಟಿನ ಪರ ಮಾತಾಡಿದ್ದು ಅಣ್ಣ. ನಿಮ್ಮ ಅಭಿಪ್ರಾಯ ಈಗಲೂ ತಪ್ಪೇ."

ಇವತ್ತಿಗೂ ನನಗೆ ಹಾಗೆಯೇ ಅನ್ನಿಸುತ್ತದೆ. ವಿಲೀನ ಸರಿಯೇ ಇತ್ತು, ನಾಳೆ ಯಾರಾದರೂ ವೇದಿಕೆ ಕೊಟ್ಟರೆ ವಾದಿಸಿ ಗೆಲ್ಲುತ್ತೇನೆ. ಆದರೆ 'ಇಲ್ಲಿ ಇಲ್ಲದವನಿಗೆ ಮಾತು ಯಾಕೆ' ಎಂಬ ಪ್ರಶ್ನೆಯನ್ನು ಆಮೇಲೆ ನಾನು ಯಾರಿಗೂ ಕೇಳಿಲ್ಲ. ಅವನು ಯಾಕೆ ಇಲ್ಲಿಲ್ಲ ಎಂದು ಮೊದಲು ಕೇಳಬೇಕು ಅನ್ನಿಸುತ್ತದೆ. ಕಾಣದ ಊರೊಂದರ ಮೇಲೆ ಒಬ್ಬ ಮನುಷ್ಯನಿಗೆ ಇಷ್ಟು ಆಸೆ ಹೇಗೆ ಹುಟ್ಟುತ್ತದೆ ಎಂಬುದು ಮಾತ್ರ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಮುಂದಿನ ವರ್ಷ ಸದಾನಂದಣ್ಣ ಹೊಸ ಕ್ಲಬ್ಬಿಗೂ ಚಂದಾ ಕಟ್ಟಿದರು. ಬೇಡ ಅಂದ ಕ್ಲಬ್ಬಿಗೇ ಯಾಕೆ ಸೇರುತ್ತೀರಿ ಎಂದು ಕೇಳಿದೆ, ಕೇಳದೆ ಇರಲು ನನ್ನಿಂದಾಗುವುದಿಲ್ಲ.

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. "ಒಳಗೆ ಇದ್ದರಲ್ಲವಾ ಮಾರಾಯ, ಮುಂದಿನ ಸಲವೂ ಬೇಡ ಅನ್ನಲಿಕ್ಕೆ ಆಗುವುದು?"