ಬೂದು ಅಂಟಿನ ಹಿಡಿ

ಅಡೆಲೆ ಕ್ಲೌತ್‌ಗೆ ಅರವತ್ತೇಳು ವರ್ಷ. ಅದರಲ್ಲಿ ನಲವತ್ತೈದನ್ನು ಸೋಲಿಂಗೆನ್ ಊರಿನ ಚಾಕು, ಕತ್ತಿಗಳಿಗೆ ಹಿಡಿ ಕೂರಿಸುತ್ತ ಕಳೆದವಳು. ಆ ಊರಲ್ಲಿ ಅಲಗಿನ ಮೇಲೆ ಕಂಪನಿಯ ಮುದ್ರೆ ಬೀಳುತ್ತದೆ. ಮನೆಯಲ್ಲಿ ಕೂತು ಹಿಡಿ ಕೂರಿಸಿದವರ ಹೆಸರು ಎಲ್ಲಿಯೂ ಬೀಳುವುದಿಲ್ಲ. ಅದೇ ಕೆಲಸ ಮಾಡುತ್ತಿದ್ದ ಅಪ್ಪ ಹುಗೋ ಸತ್ತು ಮೂವತ್ತು ವರ್ಷವಾಗಿತ್ತು. ಅವನ ಕೈಕೆಲಸದ ಒಂದಾದರೂ ಸಾಮಾನನ್ನು ಕಣ್ಣಾರೆ ಕಂಡೇ ಸಾಯಬೇಕೆಂಬ ಹಟ ಅಡೆಲೆಯದು. ಅದಕ್ಕೇ ಹಳೆಯ ಆಯುಧಗಳ ಸಂತೆ ಎಲ್ಲೇ ನಡೆಯಲಿ, ಅಲ್ಲಿ ಹಾಜರು. ಜನ ನಗುತ್ತಿದ್ದರು. ನಗಲಿ, ನಕ್ಕವರ ಹಲ್ಲು ಕಂಡೀತು ಅಷ್ಟೇ!

೧೯೮೮ರ ಏಪ್ರಿಲ್, ಶನಿವಾರ ಬೆಳಿಗ್ಗೆ, ಸೋಲಿಂಗೆನ್‌ನಲ್ಲೇ ಸಂತೆ. ಬೇಕರಿಯ ಗಿಸ್ಬರ್ಟ್ ಕ್ನೋಪ್ ತನ್ನ ಅಜ್ಜನ ಪೊಲೀಸ್ ಬಯೊನೆಟ್ಟನ್ನು, ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿಯನ್ನು, ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಜಿಂಕೆ ಕೊಂಬಿನ ಹಿಡಿ, ತುದಿಯಲ್ಲಿ ಹದ್ದಿನ ತಲೆ. ಸಂತೆಯ ಪರೀಕ್ಷಕ ರೋಟ್ಗರ್ ಭೂತಗನ್ನಡಿ ಹಿಡಿದು ನೋಡಿ, ತಲೆ ಅಲ್ಲಾಡಿಸಿದ.

"ಬೇಜಾರು ಮಾಡ್ಕೋಬೇಡಿ ಕ್ನೋಪ್, ಇದು ನಕಲಿ."

"ಏನ್ರೀ ಹಾಗಂದ್ರೆ? ನಮ್ಮಜ್ಜ ಇದನ್ನ ಸೊಂಟಕ್ಕೆ ಕಟ್ಕೊಂಡು ಬೀಟ್ ತಿರುಗ್ತಿದ್ದ!"

"ಅಲಗು ಸರಿ ಇದೆ. ಹಿಡಿ ಮಾತ್ರ ಆಮೇಲೆ ಯಾರೋ ಹಾಕಿರೋದು. ಹಿಡಿ ಕಚ್ಚಿಸಿರೋ ಈ ರಿವೆಟ್ ಮೊಳೆ ನೋಡಿ, ಉಲ್ಟಾ ಕಡೆಯಿಂದ ಬಡಿದಿದಾರೆ. ಸಂದಿಲಿರೋ ಅಂಟೂ ಬೂದು ಬಣ್ಣ. ನಮ್ಮೂರೋರು ರಾಳಕ್ಕೆ ಇಟ್ಟಿಗೆ ಪುಡಿ ಕಲಸ್ತಿದ್ರು, ಕೆಂಪಗಿರಬೇಕಿತ್ತು."

"ಕೊಡಿ ಇಲ್ಲಿ!" ಅಡೆಲೆ ಮೊಣಕೈಯಲ್ಲೇ ದಾರಿ ಮಾಡಿಕೊಂಡು ನುಗ್ಗಿದಳು. ಅಲಗಿನತ್ತ ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ಹಿಡಿಯ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. ಕೊಂಬು ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಎಂದು ಉಗುರಿಗೆ ತಿಳಿಯಲೇ ಇಲ್ಲ. ಅಷ್ಟು ನುಣುಪಾಗಿ ಕೂರಿಸುತ್ತಿದ್ದದ್ದು ಅವರ ಮನೆಯಲ್ಲೇ.

"ಇದು ನಮ್ಮನೇದು! ನಮ್ಮ ಕೆಲಸದ ಬೆಂಚಿಂದು!"

ಸಂತೆಯ ಸಭಾಂಗಣದಲ್ಲಿದ್ದವರೆಲ್ಲ ತಿರುಗಿದರು. ಸಾಸೇಜ್ ತಿನ್ನುತ್ತಿದ್ದವರು ಬಾಯಾಡಿಸುವುದನ್ನೇ ನಿಲ್ಲಿಸಿದರು.

"ಫ್ರೌ ಕ್ಲೌತ್, ಹೋದ ವರ್ಷಾನೂ ಹೀಗೇ ಕೂಗಿದ್ರಿ," ರೋಟ್ಗರ್ ನಕ್ಕ. "ಕೊನೆಗೆ ನೋಡಿದ್ರೆ ಪ್ಲಾಸ್ಟಿಕ್ಕು!"

"ಹೋದ ವರ್ಷ ನಾನು ಕನ್ನಡಕ ಮರೆತು ಬಂದಿದ್ದೆ. ಈ ವರ್ಷ ನೀವು ಬುದ್ಧಿ ಮರೆತು ಬಂದಿದೀರಿ."

ಅವಳು ಸಂದಿಯನ್ನು ಹೆಬ್ಬೆರಳಲ್ಲಿ ಗಸಗಸ ಉಜ್ಜಿ, ಬಿಸಿಯಾಗುತ್ತಲೇ ರೋಟ್ಗರ್‌ನ ಮೂಗಿಗೇ ಹಿಡಿದಳು. "ಮೂಸಿ!"

ರೋಟ್ಗರ್ ಮೂಸಿದ. ಇನ್ನೊಮ್ಮೆ ಮೂಸಿದ. "ರಾಳ. ಹಳೇ ರಾಳಾನೇ. ಆದ್ರೆ ಬೂದು ಯಾಕೆ?"

"ಒಲೆ ಬೂದಿ ಕಣ್ರೀ! ನಮ್ಮ ಬೆಂಚು ಇದ್ದಿದ್ದೇ ಅಡುಗೆಮನೇಲಿ. ಇಟ್ಟಿಗೆ ಪುಡಿ ಹಾರಿ ಸೂಪಿಗೆ ಬೀಳುತ್ತೆ ಅಂತ ಬೂದಿ ಜರಡಿ ಹಿಡಿದು..."

ಮಾತು ಅಲ್ಲೇ ನಿಂತಿತು. ಜರಡಿ ಹಿಡಿಯುತ್ತಿದ್ದದ್ದು ಯಾರು? ಅಪ್ಪ, ಸೂಪಿಗೆ ಬಿದ್ದರೂ ಸರಿ, ಸಾಯುವವರೆಗೂ ಇಟ್ಟಿಗೆ ಪುಡಿ ಬಿಟ್ಟವನಲ್ಲ. ಬೂದಿ ಕಲಸುತ್ತಿದ್ದವಳು ಅಮ್ಮ. ಮತ್ತೆ ಆ ಉಲ್ಟಾ ರಿವೆಟ್? ಅಪ್ಪ ಸುತ್ತಿಗೆ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ಎಡಚಿ ಅಂದರೆ ಅಮ್ಮ! ಶಾಲೆಯಲ್ಲಿ ಗೆಣ್ಣಿಗೆ ಹೊಡೆದು ಬಲಗೈಯಲ್ಲಿ ಬರೆಸಿದ್ದರಂತೆ. ಅಡುಗೆಮನೆಯ ಬೆಂಚಿನ ಮುಂದೆ ಮಾತ್ರ ಅವಳ ಎಡಗೈಯನ್ನು ತಡೆಯುವವರಿರಲಿಲ್ಲ. ಮುಗಿದ ಮಾಲನ್ನು ಫ್ಯಾಕ್ಟರಿಗೆ ಹೊತ್ತೊಯ್ಯುತ್ತಿದ್ದವನು ಅಪ್ಪ, ಹೆಸರೂ ಅಪ್ಪನದೇ. ಅಮ್ಮ ಬರೀ ಕೈಜೋಡಿಸುತ್ತಾಳೆ ಎಂದು ಮನೆಯವರೆಲ್ಲ ನಂಬಿದ್ದರು. ಅಡೆಲೆಯೂ ನಂಬಿದ್ದಳು. ಮೂವತ್ತು ವರ್ಷ ಅಪ್ಪನ ಕೈಯನ್ನೇ ಹುಡುಕುತ್ತ ಅಲೆದಿದ್ದಳಲ್ಲ! ನಾಚಿಕೆಯಾಯಿತು, ಅದಕ್ಕಿಂತ ಹತ್ತು ಪಟ್ಟು ಸಂತೋಷವಾಯಿತು. ನಗುತ್ತಲೇ ಕಣ್ಣೊರೆಸಿಕೊಂಡು, "ಇದನ್ನ ಕೂರಿಸಿದ್ದು ಎಡಗೈ ಕಣ್ರೀ," ಎಂದಳು.

ರೋಟ್ಗರ್ ಬಯೊನೆಟ್ಟನ್ನು ಮೇಜಿನ ಮೇಲಿಟ್ಟು, ಇಲ್ಲದ ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತಿ ಬಡಿದು ನೋಡಿದ.

"ಹೌದಲ್ಲ. ಎಡಗೈಲಿ ಬಡಿದ್ರೆ ಏಟು ಈ ಕಡೆಯಿಂದಾನೇ ಬೀಳುತ್ತೆ. ತಪ್ಪಾಯ್ತು, ಕ್ನೋಪ್."

"ನನಗಲ್ಲ, ಅವರಿಗೆ ಹೇಳಿ," ಎಂದ ಕ್ನೋಪ್.

ರೋಟ್ಗರ್ ಚೀಟಿಯ ಮೇಲೆ 'ಅಸಲಿ' ಎಂದು ಬರೆದ. "ಹಿಡಿ ಕೂರಿಸಿದವರ ಹೆಸರೂ ಹಾಕ್ತೀನಿ. ಹುಗೋ ಕ್ಲೌತ್, ಅಲ್ವಾ?"

"ಅಲ್ಲ. ಎಮಿಲಿಯೆ ಕ್ಲೌತ್," ಎಂದಳು ಅಡೆಲೆ. "ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೀರಿ. ಅಮ್ಮ ಮಾಡಿದ್ದಕ್ಕೆ ಅಮ್ಮನ ಹೆಸರು ಬೀಳ್ತಿರೋದು ಇದೇ ಮೊದಲು."