ಗೌನಿನ ಒಳಮಗ್ಗುಲು ತೋರಿಸಿದ ಟೇಪಮ್ಮ

ಚಲನಚಿತ್ರವೆಂಬ ಕಲೆಯ ಗುಣಗಾನ ಮಾಡುವವರು ನಿರ್ದೇಶಕರಿಂದ ಆರಂಭಿಸಿ, ನಟನಟಿಯರ ಬಳಿ ಬಹಳ ಹೊತ್ತು ತಂಗಿ, ಛಾಯಾಗ್ರಾಹಕರಿಗೆ ಕೈಮುಗಿದು ಮುಗಿಸುತ್ತಾರೆ. ಬಟ್ಟೆ ಹೊಲಿದವರ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ಪ್ರೇಕ್ಷಕರು ಬಾಗಿಲು ದಾಟಿರುತ್ತಾರೆ. ಹಾಗೆ ಯಾರೂ ಓದದ ಹೆಸರಾಗಿ ಮೂವತ್ತೆಂಟು ವರ್ಷ ದುಡಿದು, ಸ್ಟುಡಿಯೋದ ವಸ್ತ್ರ ವಿಭಾಗದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವವರು, ಕೊರಳಿನಿಂದ ಅಳತೆಯ ಟೇಪು ಇಳಿಸದ ಕಾರಣಕ್ಕೆ ನಮ್ಮೆಲ್ಲರ ಬಾಯಲ್ಲಿ ಟೇಪಮ್ಮ ಆದವರು. ಇಂಥ ಅಭಿನಂದನ ಗ್ರಂಥಗಳಲ್ಲಿ ಸಾಮಾನ್ಯವಾಗಿ ಬಳಸುವ ಮೃದುಭಾಷಿ, ಅಜಾತಶತ್ರು ಎಂಬ ವಿಶೇಷಣಗಳನ್ನು ಈ ಲೇಖಕ ಅವರಿಗೆ ಹಚ್ಚಲಾರ. ಅವರು ಮೃದುಭಾಷಿಯಲ್ಲ. ಶತ್ರುಗಳನ್ನಂತೂ ಶ್ರದ್ಧೆಯಿಂದ ಸಂಪಾದಿಸಿದವರು.

ಇಪ್ಪತ್ತರ ವಯಸ್ಸಿನಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿದ ಅವರು ಹತ್ತು ವರ್ಷದಲ್ಲಿ ಕತ್ತರಿ ಹಿಡಿಯುವ ಮೇಜಿಗೆ ಬಂದರು. ನಾಲ್ಕು ತಿಂಗಳಿಗೊಮ್ಮೆ ಹಳೆಯ ಟೇಪನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಯಾಕೆಂದು ಕೇಳಿದರೆ, "ಎಳೆದೂ ಎಳೆದೂ ಹಿಗ್ಗಿರುತ್ತೆ ಕಣಪ್ಪಾ. ಹಿಗ್ಗಿದ ಟೇಪು ಸುಳ್ಳು ಹೇಳುತ್ತೆ" ಎನ್ನುತ್ತಿದ್ದರು. ಅಳತೆ ತೆಗೆಯುವಾಗ ಅಂಕಿಯನ್ನು ಗಟ್ಟಿಯಾಗಿ ಕೂಗಿ ಇನ್ನೊಬ್ಬರಿಂದ ಬರೆಸುವುದು ಎಲ್ಲ ದರ್ಜಿಗಳ ರೂಢಿ. ಟೇಪಮ್ಮ ಕೂಗುತ್ತಿರಲಿಲ್ಲ. ತಾವೇ ನೋಡಿ ತಾವೇ ಬರೆದು ಪುಸ್ತಕ ಮುಚ್ಚುತ್ತಿದ್ದರು. ಕಾಯಿಲೆಯಿಂದ ಎದ್ದು ಬಂದ ಹಿರಿಯ ಪೋಷಕ ನಟರೊಬ್ಬರ ಕೋಟಿಗೆ, ಸೊರಗಿದ ಭುಜ ಕಾಣದಂತೆ ಒಳಗೆ ಹತ್ತಿಯ ಪದರವಿಟ್ಟು ಹೊಲಿದದ್ದು ಆ ನಟರಿಗೇ ಕೊನೆಯತನಕ ತಿಳಿಯಲಿಲ್ಲ. ಕನ್ನಡಿಯ ಮುಂದೆ ನಿಂತು, "ಮೈ ತುಂಬಿಕೊಂಡಿದೆ ಅಲ್ವೇನಮ್ಮಾ?" ಎಂದು ಅವರು ಕೇಳಿದಾಗ ಟೇಪಮ್ಮ, "ಹೂಂ, ಊಟ ಹಿಡೀತಿದೆ" ಎಂದರಂತೆ.

ಅವರ ಸೇವೆಯ ಹದಿನೇಳನೆಯ ವರ್ಷದಲ್ಲಿ ನಡೆದ ಒಂದು ಸಂಗತಿಯನ್ನು ಬಿಟ್ಟು ಬರೆಯಬೇಕೆಂದು ಈ ಗ್ರಂಥದ ಸಮಿತಿಯಲ್ಲಿರುವ ಕೆಲವು ಹಿರಿಯರು ಸೌಜನ್ಯದಿಂದಲೇ ಸೂಚಿಸಿದ್ದಾರೆ. ಅಷ್ಟೇ ಸೌಜನ್ಯದಿಂದ ಈ ಲೇಖಕ ಅದನ್ನು ಪೂರ್ತಿಯಾಗಿ ಬರೆಯುತ್ತಿದ್ದಾನೆ.

ಹೊಸ ಹುಡುಗಿಯೊಬ್ಬಳು ನಾಯಕಿಯಾಗಿದ್ದ ಚಿತ್ರವದು. ಇಪ್ಪತ್ತೆರಡು ದಿನ ಚಿತ್ರೀಕರಣ ಮುಗಿದಿತ್ತು. ಅಷ್ಟರಲ್ಲಿ ಹಂಚಿಕೆದಾರರಿಗೆ ಹೆಸರಿರುವ ಮುಖ ಬೇಕೆನಿಸಿತು, ಹೆಸರಿರುವ ನಟಿಯೊಬ್ಬರು ಬಿಡುವಾದರು. ಆದರೆ ಒಪ್ಪಂದವಾದ ಹುಡುಗಿಯನ್ನು ಪರಿಹಾರ ಕೊಡದೆ ಕಳಿಸಬೇಕಾದರೆ ನೆಪ ಬೇಕಿತ್ತು. ಹುಡುಗಿ ದಪ್ಪಗಾಗಿದ್ದಾಳೆ ಎಂಬ ಮಾತನ್ನು ಪ್ರೊಡಕ್ಷನ್ ಮ್ಯಾನೇಜರು ಮೂರು ದಿನ ಅಲ್ಲಲ್ಲಿ ಬಿತ್ತಿದರು. ಇಪ್ಪತ್ಮೂರನೆಯ ದಿನ ಬೆಳಿಗ್ಗೆ, ಇಡೀ ತಂಡದ ಎದುರು, ಆಕೆಗೆ ಮೊದಲ ವಾರ ತೊಟ್ಟಿದ್ದ ನೀಲಿ ಗೌನನ್ನೇ ತೊಡಿಸಿದರು. ಬೆನ್ನಿನ ಜಿಪ್ಪು ಅರ್ಧಕ್ಕೇ ನಿಂತಿತು. ಹುಡುಗಿ ಉಸಿರು ಬಿಗಿಹಿಡಿದಳು. ಜಿಪ್ಪು ಜಗ್ಗಲಿಲ್ಲ.

"ನೋಡಿದ್ರಲ್ಲ? ಇನ್ನು ನಾನೇನು ಹೇಳಲಿ?" ಎಂದರು ಮ್ಯಾನೇಜರು. ಆಮೇಲೆ ಟೇಪಮ್ಮನತ್ತ ತಿರುಗಿ, "ನಿಮ್ಮ ಅಳತೆ ಪುಸ್ತಕ ತನ್ನಿ. ಅವತ್ತಿಂದು, ಇವತ್ತಿಂದು, ಎರಡೂ ಗಟ್ಟಿಯಾಗಿ ಓದಿ" ಎಂದರು.

ಟೇಪಮ್ಮ ಕದಲಲಿಲ್ಲ. "ಹೆಣ್ಣುಮಗಳ ಅಳತೆ ಸಂತೇಲಿ ಕೂಗೋಕೆ ಅದೇನು ತರಕಾರಿನಾ? ನಾನು ಓದಲ್ಲ."

"ಹಾಗಾದ್ರೆ ದಪ್ಪಗಾಗಿದ್ದಾಳೆ ಅಂತ ಒಪ್ಪಿಕೊಂಡ ಹಾಗಾಯ್ತು."

ಅಳುತ್ತಿದ್ದ ಹುಡುಗಿಯನ್ನು ಟೇಪಮ್ಮ ಪರದೆಯ ಹಿಂದೆ ಕರೆದೊಯ್ದು, "ಅಳಬೇಡ ಮಗಳೇ, ಮೂಗು ಕೆಂಪಾಗುತ್ತೆ. ಕ್ಯಾಮೆರಾಗೆ ಕಾಣುತ್ತೆ" ಎಂದರು. ಗೌನು ಹಿಡಿದು ಹೊರಬಂದವರು ಅದರ ಒಳಮಗ್ಗುಲನ್ನು ಹೊರಗೆ ತಿರುಗಿಸಿ ದೀಪದ ಕೆಳಗೆ ಎತ್ತಿ ಹಿಡಿದರು. ಸೊಂಟದ ಎರಡೂ ಪಕ್ಕ ಅವರ ಕೈಹೊಲಿಗೆಯ ಪಕ್ಕದಲ್ಲೇ, ಮುಕ್ಕಾಲು ಇಂಚು ಒಳಗೆ, ಹೊಳೆಯುವ ಹೊಸ ದಾರದ ಮಿಷನ್ ಹೊಲಿಗೆ ಓಡಿತ್ತು.

"ಇದು ನನ್ನ ಹೊಲಿಗೆ ಅಲ್ಲ. ಹುಡುಗಿ ಹಿಗ್ಗಿಲ್ಲ, ಬಟ್ಟೆ ಕುಗ್ಗಿದೆ."

ಮ್ಯಾನೇಜರು, "ಹೊಲಿಗೆ ಯಾರು ಹಿಡಿದಿದ್ದು ಅಂತಾನೂ ನೀವೇ ಹೇಳಿಬಿಡಿ" ಎಂದು ಸವಾಲು ಹಾಕಿದರು. ಟೇಪಮ್ಮ ವಿಭಾಗದವರ ಸಾಲಿನ ಮೇಲೊಮ್ಮೆ ಕಣ್ಣಾಡಿಸಿದರು. ತಾವೇ ಕೈಹಿಡಿದು ಕಲಿಸಿದವನ ಹೊಲಿಗೆಯನ್ನು ಗುರುತಿಸಲಾರದವರೇನಲ್ಲ ಅವರು. ಸಾಲಿನ ತುದಿಯಲ್ಲಿ ನೆಲ ನೋಡುತ್ತ ನಿಂತಿದ್ದ ಕಟಿಂಗ್ ಮಾಸ್ತರನ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತು ಮುಂದೆ ಹೋಯಿತು.

"ಹಿಡಿದ ಕೈ ಯಾವುದಾದ್ರೇನು? ಹಿಡಿಸಿದ ಬಾಯಿ ಯಾವುದು ಅಂತ ಕೇಳಿ."

ಆ ಕಟಿಂಗ್ ಮಾಸ್ತರ ಈ ಲೇಖಕನೇ. ಕೆಲಸ ಕಾಯಂ ಆಗುತ್ತದೆಂಬ ಆಸೆಯನ್ನು ಮ್ಯಾನೇಜರು ತೋರಿಸಿದ್ದರು, ಮಾಡದಿದ್ದರೆ ಗೇಟಿನಿಂದಾಚೆ ಎಂದಿದ್ದರು. ಮನೆಯಲ್ಲಿ ಬಸುರಿ ಹೆಂಡತಿಯಿದ್ದಳು. ಇವು ಕಾರಣಗಳೇ ಹೊರತು ಸಮರ್ಥನೆಯಲ್ಲ.

ಟೇಪಮ್ಮ ಅಲ್ಲಿಯೇ, ಎಲ್ಲರೂ ನೋಡುತ್ತಿದ್ದಂತೆ, ಚಿಕ್ಕ ಕತ್ತರಿಯಿಂದ ಹೊಸ ಹೊಲಿಗೆಯನ್ನು ಬಿಚ್ಚಿದರು. ಹುಡುಗಿ ಮತ್ತೆ ತೊಟ್ಟು ಬಂದಳು. ಜಿಪ್ಪು ಕುತ್ತಿಗೆಯವರೆಗೆ ಸರ್ರನೆ ಏರಿತು. ಲೈಟಿನವರ ಗುಂಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಚಪ್ಪಾಳೆಯಿಂದ ನಾಯಕಿಯ ಪಾತ್ರ ಉಳಿಯಲಿಲ್ಲ. ಎರಡು ದಿನದಲ್ಲಿ ಪರಿಹಾರ ಕೊಟ್ಟು ಆಕೆಯನ್ನು ಕಳಿಸಿಯೇಬಿಟ್ಟರು. ಆದರೆ ಒಪ್ಪಂದ ಮುಗಿಸುವ ಪತ್ರದಲ್ಲಿ ದಪ್ಪಗಾದಳೆಂದು ಬರೆಯುವ ಧೈರ್ಯ ಯಾರಿಗೂ ಬರಲಿಲ್ಲ. 'ನಿರ್ಮಾಪಕರ ಇಚ್ಛೆಯಂತೆ' ಎಂದಷ್ಟೇ ಬರೆದರು. ಆ ಕಾಗದ ಕೈಯಲ್ಲಿದ್ದುದರಿಂದಲೇ ಬೇರೆ ಕಂಪನಿಯವರು ಅವಳಿಗೆ ಬಾಗಿಲು ತೆರೆದರು. ಮತ್ತೆ ನಾಯಕಿಯಾಗಲು ನಾಲ್ಕು ವರ್ಷ ಹಿಡಿಯಿತು, ಆದರೂ ಆದಳು.

ಅದೇ ಗೌನನ್ನು ಹೊಸ ನಾಯಕಿಗೆ ಸರಿಮಾಡಿ ಕೊಡಿ ಎಂದಾಗ ಟೇಪಮ್ಮ, "ಒಬ್ಬಳ ಮೈಯಿಂದ ಕಿತ್ತಿದ್ದನ್ನ ಇನ್ನೊಬ್ಬಳಿಗೆ ಹಾಕೋ ಕೈ ನನ್ನದಲ್ಲ" ಎಂದು ಕತ್ತರಿ, ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟರು. ಒಂಬತ್ತು ತಿಂಗಳು ಮೂರನೆಯ ಮಹಡಿಯ ತಮ್ಮ ಮನೆಯಲ್ಲಿ ನರ್ಸುಗಳ ಸಮವಸ್ತ್ರ ಹೊಲಿದರು. ಈ ಲೇಖಕ ತಪ್ಪೊಪ್ಪಿಕೊಳ್ಳಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿ, "ಮಗು ಗಂಡೋ ಹೆಣ್ಣೋ?" ಎಂದು ಕೇಳಿದರು. ಹೆಣ್ಣೆಂದಾಗ, "ಹಾಗಾದ್ರೆ ಇನ್ನುಮೇಲೆ ನೋಡಿಕೊಂಡು ಹೊಲಿ" ಎಂದು ಒಳಗೆ ಕರೆದು, ಗುಂಡಿ ಹಾಕಲು ಒಂದು ರಾಶಿ ಸಮವಸ್ತ್ರ ಮುಂದಿಟ್ಟರು. ಕ್ಷಮಿಸಿದೆ ಎಂದು ಆಗಲೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಇತ್ತ ಹೊರಗಿನ ದರ್ಜಿ ಹೊಲಿದ ಉಡುಪುಗಳು ಕುಣಿತದ ದೃಶ್ಯದಲ್ಲಿ ಕಂಕುಳ ಬಳಿ ಪರ್ರೆಂದು ಹರಿಯುತ್ತಿದ್ದವು. ಕೊನೆಗೆ ನಿರ್ದೇಶಕರೇ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿದರು. ಟೇಪಮ್ಮ ನೀರು ಕೊಟ್ಟರು, ಕುರ್ಚಿ ಕೊಟ್ಟರು, ಆಮೇಲೆ ತಮ್ಮ ಷರತ್ತು ಕೊಟ್ಟರು. "ಟ್ರಯಲ್ ರೂಮಿಗೆ ಒಳಗಿಂದ ಚಿಲಕ ಬೇಕು. ಅಳತೆ ಪುಸ್ತಕ ಇಡೋ ಪೆಟ್ಟಿಗೆಯ ಬೀಗದ ಕೈ ನನ್ನ ಹತ್ರ ಇರಬೇಕು. ಆ ಮ್ಯಾನೇಜರು ನನ್ನ ಹೊಸ್ತಿಲು ದಾಟಬಾರದು." ನಿರ್ದೇಶಕರು ಮೂರಕ್ಕೂ ತಲೆಯಾಡಿಸಿದರು. ಮಾರನೆಯ ದಿನ ಬಡಗಿ ಚಿಲಕ ಜಡಿಯುವವರೆಗೆ ಟೇಪಮ್ಮ ಸೂಜಿಗೆ ದಾರ ಪೋಣಿಸಲಿಲ್ಲ.

ನಿವೃತ್ತಿಯ ನಂತರ ವಿಶ್ರಾಂತಿ ಎಂದು ನಾವು ಹಾರೈಸಿದರೆ ಅವರು ಬೈಯುವುದು ಖಚಿತ. ಈಗಾಗಲೇ ಮನೆಯ ಕೆಳಗಿನ ಅಂಗಡಿಯೊಂದನ್ನು ಹಿಡಿದು, ಹೊಲಿಗೆ ಕಲಿಯಬಯಸುವ ಹನ್ನೊಂದು ಹೆಣ್ಣುಮಕ್ಕಳ ಹೆಸರು ಬರೆದುಕೊಂಡಿದ್ದಾರೆ. ಅವರಲ್ಲಿ ಈ ಲೇಖಕನ ಮಗಳೂ ಒಬ್ಬಳು. ಟೇಪಮ್ಮನವರು ನೂರು ವರ್ಷ ಬಾಳಲಿ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಿ. ಅವರ ಕತ್ತರಿ ಎಂದೂ ಮೊಂಡಾಗದಿರಲಿ, ಅವರ ನಾಲಿಗೆ ಅದಕ್ಕಿಂತಲೂ ಹರಿತವಾಗಿರಲಿ.