ಪಕ್ಕದ ಮಾಳಿಗೆ ಮೇಲಿನ ವೈರ್

“ನಿಮ್ಮ ನೆಟ್ ಮುಂಜಾನಿಯಿಂದ ನಿಂತದ. ಕಂಪ್ಲೇಂಟ್ ಮಾಡೀರೇನ್ರಿ?”

ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ಪಕ್ಕದ ಮನೆಯ ಶಾಂತಾಬಾಯಿ. ಅವರ ಮಾಳಿಗೆಯ ನೀರು ನಮ್ಮ ಅಂಗಳಕ್ಕೆ ಬೀಳುತ್ತದೆಂದು ಜಗಳವಾಗಿ, ವರ್ಷದಿಂದ ಎರಡೂ ಮನೆಗಳ ನಡುವೆ ಮಾತಿರಲಿಲ್ಲ. ಬಸವಕಲ್ಯಾಣದ ನಮ್ಮ ಓಣಿಗೆ ಇಂಟರ್ನೆಟ್ ವೈರ್ ಬಂದಾಗ, ಅದನ್ನು ಅವರ ಮಾಳಿಗೆ ಮೇಲಿಂದಲೇ ಎಳೆಯಬೇಕು, ಒಪ್ಪಿಗೆ ಕೇಳಿ ಬನ್ನಿ ಎಂದು ವೈರಿನವರು ಹೇಳಿದ್ದರು. ನಾನು ಕೇಳಲು ಹೋಗಲಿಲ್ಲ. ಹುಮನಾಬಾದಿನಿಂದ ಬೇರೆಯವರನ್ನು ಕರೆಸಿ, ವೈರ್ ಇಲ್ಲದೆ ಸಿಗ್ನಲ್ ಹಿಡಿಯುವ ಡಬ್ಬಿಯನ್ನು ನಮ್ಮ ಮಾಳಿಗೆ ಮೇಲೆ ಕೂರಿಸಿದೆ. ಶಾಂತಾಬಾಯಿಗೆ ಕಾಣಲಿ ಎಂದು ಬಟ್ಟೆ ಒಣಹಾಕುವ ನೆಪದಲ್ಲಿ ಎರಡು ಸಲ ಹತ್ತಿ ನೋಡಿಯೂ ಬಂದೆ. ಜೋರು ಗಾಳಿ ಬೀಸಿದರೆ ಮಾತ್ರ ಆ ಡಬ್ಬಿ ಮುಖ ತಿರುಗಿಸಿಕೊಂಡು ಸುಮ್ಮನಾಗುತ್ತಿತ್ತು.

“ನಮ್ಮ ನೆಟ್ ನಿಂತಿದ್ದು ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದೆ.

“ನನ್ನ ಧಾರಾವಾಹಿ ಅರ್ಧಕ್ಕ ನಿಂತದಲ್ರಿ. ಆ ಡಬ್ಬಿ ತೆಗಸ್ರಿ, ವೈರ್ ನಮ್ಮ ಮಾಳಗಿ ಮ್ಯಾಲಿಂದ ಎಳಕೊಳ್ರಿ.”

ಇವರಿಗೆ ನಮ್ಮ ವೈಫೈ ಪಾಸ್‌ವರ್ಡ್ ಕೊಟ್ಟವರು ಯಾರೆಂದು ತಿರುಗಿ ನೋಡಿದೆ. ತೊಗರಿಬೇಳೆ ಹಸನು ಮಾಡಲು ಕೂತಿದ್ದ ನಮ್ಮ ಅತ್ತೆ, ಹಸನು ಮಾಡಿಟ್ಟಿದ್ದ ಬೇಳೆಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ತಲೆ ತಗ್ಗಿಸಿದರು.

ಈಗ ವೈರ್ ಶಾಂತಾಬಾಯಿಯ ಮಾಳಿಗೆ ದಾಟಿ ಬಂದಿದೆ, ಎಂಥ ಗಾಳಿಗೂ ನೆಟ್ ನಿಲ್ಲುವುದಿಲ್ಲ. ಆದರೆ ಆ ಮನೆಯೊಂದಿಗೆ ವರ್ಷವಿಡೀ ಮಾತು ಬಿಟ್ಟಿದ್ದವಳು ನಮ್ಮ ಮನೆಯಲ್ಲಿ ನಾನೊಬ್ಬಳೇ ಎಂಬುದು ನನಗೆ ಅವತ್ತೇ ತಿಳಿದದ್ದು.